ಬೆರೆಸದ ಕಸಕ್ಕೆ ಬೆಲೆಯುಂಟು



2012ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಸದ ಲಾರಿಗಳಿಗೆ ಹೋಗಲು ಜಾಗವಿಲ್ಲದಂತಾಯಿತು. ನಗರದ ಉತ್ತರಕ್ಕಿರುವ ಮಾವಳ್ಳಿಪುರದಲ್ಲಿ ನಾವು ವರ್ಷಗಟ್ಟಲೆ ಕಸ ಸುರಿದಿದ್ದೆವು. ಮಳೆ ಬಂದಾಗಲೆಲ್ಲ ಆ ರಾಶಿಯಿಂದ ಕಪ್ಪು ನೀರು ಸೋರಿ ಹಳ್ಳಿಯ ನೀರಿಗೆ ಸೇರುತ್ತಿತ್ತು. ಊರಿನವರು ಸಾಕು ಎಂದರು. ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಆ ಜಾಗ ಮುಚ್ಚಿತು. ಮುಂದಿನ ವಾರಗಳಲ್ಲಿ ನಮ್ಮ ಕಸ ನಮ್ಮ ಬೀದಿಯಲ್ಲೇ ಕೊಳೆಯಿತು. ಆಮೇಲೆ ಲಾರಿಗಳು ಹೆಚ್ಚಾಗಿ ನಗರದ ಹೊರಗಿನ ಇನ್ನೊಂದು ಹಳ್ಳಿ ಮಂಡೂರಿನ ಕಡೆಗೆ ತಿರುಗಿದವು. ಅಲ್ಲಿಯ ಜನರೂ ರಸ್ತೆಗಿಳಿದರು, ಲಾರಿ ತಡೆದರು. 2014ರ ಡಿಸೆಂಬರ್ 1ರಿಂದ ಮಂಡೂರಿಗೂ ಕಸ ಹೋಗುವುದು ನಿಂತಿತು. ಮಂಗಳೂರಿನಲ್ಲಿ ಇನ್ನೂ ಭಯಾನಕವಾದದ್ದು ನಡೆಯಿತು. 2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡವೇ ಜರಿದು, ಕೆಳಗಿನ ಮಂದಾರದ ಮನೆಗಳ ಮೇಲೆ, ಅಡಿಕೆ ತೆಂಗಿನ ತೋಟಗಳ ಮೇಲೆ ಹರಿಯಿತು.

ಈ ಮೂರು ಊರಿನವರೂ ಆ ಕಸವನ್ನು ಮಾಡಿದವರಲ್ಲ. ನಗರದವರು ರಾತ್ರಿ ಒಂದೇ ಕಪ್ಪು ಕವರಿಗೆ ಎಲ್ಲವನ್ನೂ ತುಂಬಿ ಬಾಗಿಲಾಚೆ ಇಟ್ಟದ್ದರ ಫಲ ಅವರ ಬಾವಿಗೆ, ತೋಟಕ್ಕೆ ಬಂತು. ಕಸದ ಮರುಬಳಕೆಯ ಬಗ್ಗೆ ಮಾತಾಡುವಾಗ ನಾನು ಇಲ್ಲಿಂದ ಶುರುಮಾಡುವುದು ಇದಕ್ಕಾಗಿಯೇ.

ಮರುಬಳಕೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಎಲ್ಲೋ ದೂರದ ಒಂದು ಕಾರ್ಖಾನೆ, ದೊಡ್ಡ ಯಂತ್ರ ಬರುತ್ತದೆ. ಯಂತ್ರ ಇರುವುದು ನಿಜ. ಆದರೆ ಒಂದು ವಸ್ತು ಆ ಯಂತ್ರದವರೆಗೆ ತಲುಪುತ್ತದೋ ಇಲ್ಲವೋ ಎನ್ನುವುದು ನಮ್ಮ ಅಡುಗೆಮನೆಯ ಸಿಂಕಿನ ಪಕ್ಕದಲ್ಲಿ, ಹೋಟೆಲಿನ ಹಿಂಬಾಗಿಲಿನಲ್ಲಿ, ಅಂಗಡಿಯವರು ಕದ ಹಾಕುವ ಹೊತ್ತಿನಲ್ಲಿ ಎರಡು ಕ್ಷಣದಲ್ಲಿ ತೀರ್ಮಾನವಾಗಿಬಿಡುತ್ತದೆ. ಹಸಿಯೂ ಒಣಗಿದ್ದೂ ಬೆರೆತರೆ ಎರಡೂ ಹಾಳು. ಬೆರೆಯದಿದ್ದರೆ ಎರಡಕ್ಕೂ ಬೆಲೆ ಇದೆ. ಈ ಹೊತ್ತು ನಾನು ಹೇಳಬೇಕಾಗಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮಾವಳ್ಳಿಪುರದ ಪೆಟ್ಟು ಬಿದ್ದ ಮೇಲೆ, 2012ರ ಅಕ್ಟೋಬರ್ 1ರಿಂದ ಆಗಿನ ನಗರ ಪಾಲಿಕೆ ಬಿಬಿಎಂಪಿ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಇನ್ನೂ ಸ್ಪಷ್ಟವಾದ ಒಂದು ಪದ್ಧತಿಯನ್ನು ಹೇಳಿತು: ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ. ಕೆಂಪು ಬುಟ್ಟಿಗೆ ಸ್ಯಾನಿಟರಿ ಪ್ಯಾಡು, ಡಯಾಪರು, ಬ್ಯಾಂಡೇಜಿನಂಥವು. ಚೀಲಕ್ಕೆ ಒಣ ಕಸ. ಇದು ತಿಳಿಯದವರು ಬೆಂಗಳೂರಿನಲ್ಲಿ ಈಗ ಕಡಿಮೆ. ತಿಳಿದೂ ಮಾಡದವರು ಬಹಳ. ಮಾಡಿದರೆ ಏನಾಗುತ್ತದೆ, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಾಣುವುದಿಲ್ಲವಲ್ಲ, ಅದೇ ಇದಕ್ಕೆ ಕಾರಣ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಒಂದು ಹಾಲಿನ ಕವರಿನ ಹಿಂದೆ ಸ್ವಲ್ಪ ದೂರ ಹೋಗೋಣ.

ಬೆಳಗಿನ ಹಾಲಿನ ಕವರು ಮೃದು ಜಾತಿಯ ಪ್ಲಾಸ್ಟಿಕ್ಕಿನದು, ಕರಗಿಸಿ ಮತ್ತೆ ಬಳಸಲು ಚೆನ್ನಾಗಿ ಒಗ್ಗುವಂಥದು. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ. ಸೀಳು ಮಾಡಿ ತುಂಡು ಕವರಿಗೇ ಅಂಟಿಕೊಂಡಿರುವ ಹಾಗೆ ಬಿಡಿ. ಬೆರಳ ತುದಿಯಷ್ಟಿರುವ ಆ ತ್ರಿಕೋನವನ್ನು ಯಾರೂ ಆಯಲಾರರು. ಅದು ಮೋರಿಗೆ, ಅಲ್ಲಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ದಿನವೂ ಲಕ್ಷಾಂತರ ಮನೆಗಳಲ್ಲಿ ಒಂದೊಂದು ತ್ರಿಕೋನ ಎಂದರೆ ಎಷ್ಟಾಯಿತು, ಯೋಚಿಸಿ. ಖಾಲಿ ಕವರಿಗೆ ಒಂದಿಷ್ಟು ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಹಾಕಿ. ಕವರನ್ನು ಮಗುಚಿ ಒಣಗಲು ಬಿಡಿ. ಇಷ್ಟೇ ಕೆಲಸ. ಹೀಗೆ ಒಣಗಿದ ಕವರುಗಳ ಕಟ್ಟನ್ನು ಗುಜರಿ ಅಂಗಡಿಯವರು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ. ಅದೇ ಕವರು ನಿನ್ನೆಯ ಸಾಂಬಾರಿನ ಜೊತೆ ಒಂದು ರಾತ್ರಿ ಕಳೆದರೆ ಅದನ್ನು ಮುಟ್ಟುವವರಿಲ್ಲ.

ನಿಮ್ಮ ಮನೆಯಿಂದ ಹೊರಟ ಒಣ ಕಸ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಹೋಗಬೇಕು. ಬಹಳ ಜನ ತಮ್ಮ ವಾರ್ಡಿನಲ್ಲಿ ಅದು ಎಲ್ಲಿದೆ ಎಂದು ನೋಡಿಲ್ಲ. ಒಮ್ಮೆ ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿ ಬನ್ನಿ. ಅಲ್ಲಿ ನೆಲದ ಮೇಲೆ ರಾಶಿಯ ಮುಂದೆ ಕುಳಿತ ಹೆಂಗಸರ ಕೈ ಎಷ್ಟು ಬೇಗ ಓಡುತ್ತದೆ ಗೊತ್ತೇ? ಹಾಲಿನ ಕವರು ಒಂದು ಕಡೆ. ಬಣ್ಣವಿಲ್ಲದ ನೀರಿನ ಬಾಟಲಿ ಒಂದು ಕಡೆ, ಬಣ್ಣದ ಬಾಟಲಿ ಇನ್ನೊಂದು ಕಡೆ. ಶಾಂಪೂ ಡಬ್ಬ, ಫಿನಾಯಿಲ್ ಡಬ್ಬದಂಥ ಗಟ್ಟಿ ಪ್ಲಾಸ್ಟಿಕ್ ಬೇರೆ. ರಟ್ಟು ಬೇರೆ, ನ್ಯೂಸ್ ಪೇಪರ್ ಬೇರೆ, ಬಿಳಿ ಕಾಗದ ಬೇರೆ. ಇಡಿಯ ಸೀಸೆ ಬೇರೆ, ಒಡೆದ ಗಾಜು ಬೇರೆ. ತಗಡು, ಅಲ್ಯೂಮಿನಿಯಂ, ಜ್ಯೂಸಿನ ಪೊಟ್ಟಣ, ಹಳೇ ಚಪ್ಪಲಿ, ಹೀಗೆ ಹತ್ತಾರು ವಿಂಗಡಣೆ. ಕೈಯಲ್ಲಿ ಮುದುಡಿದಾಗ ಬರುವ ಸದ್ದಿನಿಂದಲೇ ಇದು ಯಾವ ಪ್ಲಾಸ್ಟಿಕ್ ಎಂದು ಹೇಳಬಲ್ಲವರು ಅವರಲ್ಲಿದ್ದಾರೆ. ಅನುಮಾನ ಬಂದರೆ ನೀರಿಗೆ ಹಾಕುವುದೂ ಉಂಟು. ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಳುಗುತ್ತದೆ, ಅದರ ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ. ಕಾಲೇಜಿನಲ್ಲಿ ಸಾಂದ್ರತೆ ಎಂದು ಕಲಿಸುವ ಪಾಠ ಅದು. ಅವರು ಅದನ್ನು ಬೀದಿಯಲ್ಲಿ ಕಲಿತರು.

ಇವರಲ್ಲಿ ಅನೇಕರು ಹಿಂದೆ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಚಿಂದಿ ಆಯುತ್ತಿದ್ದವರು. ಪೊಲೀಸರಿಂದ, ನಾಯಿಗಳಿಂದ, ನಮ್ಮಂಥವರ ಬೈಗುಳದಿಂದ ತಪ್ಪಿಸಿಕೊಂಡು ಬದುಕುತ್ತಿದ್ದವರು. 2011ರಲ್ಲಿ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ‘ಹಸಿರು ದಳ’ದಂಥ ಸಂಸ್ಥೆಗಳು ಜೊತೆಗೆ ನಿಂತವು. ಅವರಲ್ಲಿ ಕೆಲವರು ಈಗ ತಾವೇ ಕೇಂದ್ರಗಳನ್ನು ನಡೆಸುತ್ತಾರೆ, ನಾಲ್ಕು ಜನರಿಗೆ ಸಂಬಳ ಕೊಡುತ್ತಾರೆ. 2015ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಹವಾಮಾನ ಸಮ್ಮೇಳನಕ್ಕೆ ಬೆಂಗಳೂರಿನ ಇಂಥದೊಂದು ಕೇಂದ್ರದವರು ಹೋಗಿ ಬಂದರು. ಸರ್ಕಾರದ ಲೆಕ್ಕಪುಸ್ತಕದಲ್ಲಿ ಹೆಸರೇ ಇಲ್ಲದ ಕಾಲದಲ್ಲೂ ಈ ನಗರದ ಮರುಬಳಕೆಯನ್ನು ನಡೆಸಿಕೊಂಡು ಬಂದವರು ಇವರು. ನೀವು ಬೇರ್ಪಡಿಸದೆ ಕೊಟ್ಟ ಕವರನ್ನು ಹರಿದು ಒಳಗೆ ಕೈ ಹಾಕುವವರು ಕೂಡ ಇವರೇ. ಅದರೊಳಗೆ ಒಡೆದ ಟ್ಯೂಬ್‌ಲೈಟ್ ಇರಬಹುದು, ಇಂಜೆಕ್ಷನ್ ಸೂಜಿ ಇರಬಹುದು.

ಕೇಂದ್ರದಿಂದ ಮುಂದೆ ಪ್ಲಾಸ್ಟಿಕ್ಕಿನ ದಾರಿ ಹೆಚ್ಚಾಗಿ ಜಾಲಿ ಮೊಹಲ್ಲಾ, ಮೈಸೂರು ರಸ್ತೆಯ ನಾಯಂಡಹಳ್ಳಿಯ ಕಡೆಗೆ. ಅಲ್ಲಿ ಮತ್ತೆ ವಿಂಗಡಣೆ, ತೊಳೆಯುವುದು, ತುಂಡರಿಸುವುದು, ಕರಗಿಸಿ ಕಾಳು ಮಾಡುವುದು. ಹಾಲಿನ ಕವರು ಕಪ್ಪು ಪೈಪಾಗಿ ತೋಟಕ್ಕೆ ಬರಬಹುದು. ನೀರಿನ ಬಾಟಲಿ ನೂಲಾಗಿ ಬಟ್ಟೆಯಾಗಬಹುದು, ದಿಂಬಿಗೆ ತುಂಬುವ ನಾರಾಗಬಹುದು. ಕಾಗದದ ನಾರು ಪ್ರತಿ ಸಲ ಅರೆದಾಗಲೂ ಗಿಡ್ಡವಾಗುತ್ತದೆ, ಐದಾರು ಸಲಕ್ಕಿಂತ ಹೆಚ್ಚು ಬಾಳುವುದಿಲ್ಲ. ಗಾಜಿಗೂ ಅಲ್ಯೂಮಿನಿಯಮ್ಮಿಗೂ ಆ ಮಿತಿ ಇಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾದ ವಿದ್ಯುತ್ತಿಗೆ ಹೋಲಿಸಿದರೆ ಹಳೆಯದನ್ನು ಕರಗಿಸುವಾಗ ಸುಮಾರು 95% ಶಕ್ತಿ ಉಳಿಯುತ್ತದೆ. ಒಂದು ಖಾಲಿ ಡಬ್ಬಿಯನ್ನು ಎಸೆಯುವಾಗ ಇದು ನೆನಪಿರಲಿ.

ಎಲ್ಲವೂ ಮತ್ತೆ ಬಳಕೆಗೆ ಬರುತ್ತದೆ ಎಂದು ನಾನು ಹೇಳಲಾರೆ. ಚಿಪ್ಸ್, ಬಿಸ್ಕತ್ತು, ಗುಟ್ಕಾದ ಹೊಳೆಯುವ ಪೊಟ್ಟಣಗಳಲ್ಲಿ ಬೇರೆ ಬೇರೆ ಪದರಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ. ಅವನ್ನು ಬಿಡಿಸುವುದು ಕಷ್ಟ, ಬಿಡಿಸಿದರೂ ಗಿಟ್ಟುವುದಿಲ್ಲ. ಅವುಗಳಲ್ಲಿ ಬಹುಪಾಲು ಸಿಮೆಂಟ್ ಕಾರ್ಖಾನೆಯ ಗೂಡುಗಳಿಗೆ ಉರುವಲಾಗಿ ಹೋಗುತ್ತದೆ. ಬೀದಿಯಲ್ಲಿ ಸುಡುವುದಕ್ಕಿಂತ ಅದು ಮೇಲು, ಆದರೆ ಅದನ್ನು ಮರುಬಳಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅಂಥ ಪೊಟ್ಟಣವನ್ನು ಮನೆಗೆ ತರುವುದನ್ನೇ ಕಡಿಮೆ ಮಾಡಬೇಕು. ಪೇಪರ್ ಕಪ್ ಎಂದು ಕರೆಯುವ ಲೋಟದ ಒಳಗೂ ತೆಳ್ಳನೆಯ ಪ್ಲಾಸ್ಟಿಕ್ ಪದರವಿದೆ. ಎಣ್ಣೆ ಹಿಡಿದ ಪಾರ್ಸೆಲ್ ಕಾಗದ, ಅಂಗಡಿಯ ಯಂತ್ರದಿಂದ ಬರುವ ನುಣುಪಾದ ಬಿಲ್ಲು, ಇವನ್ನೂ ಒಳ್ಳೆಯ ಕಾಗದದ ಜೊತೆ ಸೇರಿಸಬಾರದು.

ಈಗ ಹಸಿ ಕಸದ ಮಾತು. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇದೇ. ಮಾವಳ್ಳಿಪುರದ ನೀರು ಕೆಡಿಸಿದ್ದು ಮುಖ್ಯವಾಗಿ ಗಾಳಿಯಿಲ್ಲದ ರಾಶಿಯಲ್ಲಿ ಕೊಳೆತ ಅನ್ನ, ಸಿಪ್ಪೆ, ಸೊಪ್ಪು. ಹಾಗೆ ಕೊಳೆಯುವಾಗ ಮೀಥೇನ್ ಹುಟ್ಟುತ್ತದೆ, ಅದು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಹಲವು ಪಟ್ಟು ಮುಂದು. ಅದೇ ಸಿಪ್ಪೆ ಗಾಳಿಯಾಡುವಂತೆ ಕೊಳೆತರೆ ಗೊಬ್ಬರ.

ಇಲ್ಲಿ ನಾವು ಹೆಮ್ಮೆಪಡಬೇಕಾದ ಒಂದು ಸಂಗತಿ ಇದೆ. ಜಗತ್ತಿನ ಕೃಷಿ ಪಠ್ಯಪುಸ್ತಕಗಳಲ್ಲಿ ‘ಬೆಂಗಳೂರು ವಿಧಾನ’ ಎಂಬ ಹೆಸರಿನ ಒಂದು ಕಾಂಪೋಸ್ಟ್ ಪದ್ಧತಿ ಇದೆ. 1939ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ನಮ್ಮ ಬೆಂಗಳೂರಿನಲ್ಲೇ ರೂಪಿಸಿದ ಪದ್ಧತಿ ಅದು. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಆರೆಂಟು ತಿಂಗಳು ಮಾಗಲು ಬಿಡುವುದು. ಪಟ್ಟಣದ ಹೊಲಸು ಹೊಲಕ್ಕೆ ಗೊಬ್ಬರವಾಗಿ ಹೋಗಬೇಕು ಎಂಬ ವಿಚಾರ ಅಂದಿನವರಿಗೆ ಅಷ್ಟು ಸಹಜವಾಗಿತ್ತು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದೂ ಇದೇ ವಿಚಾರದಿಂದ. ನಡುವೆ ಬಂದದ್ದು ಪ್ಲಾಸ್ಟಿಕ್, ಬ್ಲೇಡು, ಗಾಜಿನ ಚೂರು. ನೇಗಿಲ ಸಾಲಿನಲ್ಲಿ ಪ್ಲಾಸ್ಟಿಕ್ ಏಳುವ ಗೊಬ್ಬರವನ್ನು ಯಾವ ರೈತ ಕೊಳ್ಳುತ್ತಾನೆ? ಬೆರೆಸಿದ್ದರಿಂದ ನಾವು ಒಣ ಕಸವನ್ನಷ್ಟೇ ಕೆಡಿಸಲಿಲ್ಲ, ರೈತನ ವಿಶ್ವಾಸವನ್ನೂ ಕಳೆದುಕೊಂಡೆವು.

ಮನೆಯಲ್ಲೇ ಗೊಬ್ಬರ ಮಾಡುವುದಕ್ಕೆ ದೊಡ್ಡ ಹಿತ್ತಿಲು ಬೇಡ. ಬೆಂಗಳೂರಿನವರೇ ಆದ ಪೂನಂ ಬೀರ್ ಕಸ್ತೂರಿ ಅವರು 2006ರಿಂದ ‘ಡೈಲಿ ಡಂಪ್’ ಹೆಸರಿನಲ್ಲಿ ಒಂದರ ಮೇಲೊಂದು ಇಡುವ ಮಣ್ಣಿನ ಮಡಕೆಗಳನ್ನು ತಂದರು, ಅದಕ್ಕೆ ‘ಕಂಬ’ ಎಂದೇ ಹೆಸರು. ಎಚ್‌ಎಸ್‌ಆರ್ ಬಡಾವಣೆಯಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರವಿದೆ, ಅಲ್ಲಿ ಬೇರೆ ಬೇರೆ ಬಗೆಯ ಗೊಬ್ಬರದ ಡಬ್ಬಗಳನ್ನು ಸಾಲಾಗಿ ಇಟ್ಟು ತೋರಿಸುತ್ತಾರೆ. ಯಾವ ಡಬ್ಬವಾದರೂ ಒಳಗಿನ ಕ್ರಮ ಒಂದೇ. ಒಂದು ಪದರ ಹಸಿ ಕಸ, ಅದರ ಮೇಲೆ ಒಂದು ಪದರ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ಮೊದಲ ಸಲ ಒಂದಿಷ್ಟು ಹುಳಿ ಮಜ್ಜಿಗೆ ಚಿಮುಕಿಸಬಹುದು. ಮೂರು ನಾಲ್ಕು ದಿನಕ್ಕೊಮ್ಮೆ ಕೈಯಾಡಿಸಬೇಕು. ವಾಸನೆ ಬಂತೆಂದರೆ ನೀರು ಹೆಚ್ಚಾಗಿದೆ, ಒಣ ಎಲೆ ಹಾಕಿ. ಏನೂ ಆಗುತ್ತಿಲ್ಲ ಎಂದರೆ ತೀರ ಒಣಗಿದೆ, ನೀರು ಚಿಮುಕಿಸಿ. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈಗೆ ಮಾತ್ರ ತೇವ ತಾಗಬೇಕು. ಬೂದು ಬಣ್ಣದ ಹುಳು ಕಂಡು ಹೆದರಿ ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಅದು ಕಪ್ಪು ಸೈನಿಕ ನೊಣದ ಮರಿ, ನಮ್ಮ ಕೆಲಸವನ್ನೇ ಮಾಡಿಕೊಡುವುದು. ಅದನ್ನು ಇರಲು ಬಿಡಿ. ರಸ್ತೆಯ ಮರದಿಂದ ಉದುರಿದ ಎಲೆಯನ್ನು ಗುಡಿಸಿ ಬೆಂಕಿ ಹಾಕುವವರಿಗೆ ನನ್ನದೊಂದು ಬೇಡಿಕೆ: ಅದನ್ನು ಚೀಲದಲ್ಲಿ ಕಟ್ಟಿ ಗೊಬ್ಬರ ಮಾಡುವ ನೆರೆಯವರಿಗೆ ಕೊಡಿ. ಅವರು ಅದನ್ನೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ.

ಮೈಸೂರಿನವರು ಇದನ್ನು ಬಡಾವಣೆಯ ಮಟ್ಟದಲ್ಲಿ ಮಾಡಿ ತೋರಿಸಿದರು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಸುತ್ತಲಿನ ಬೀದಿಗಳ ಕಸ ಅಲ್ಲೇ ವಿಂಗಡಣೆಯಾಗುತ್ತದೆ, ಹಸಿ ಕಸ ಅಲ್ಲೇ ಗೊಬ್ಬರವಾಗುತ್ತದೆ. ಕಸ ದೂರ ಹೋಗದಿದ್ದರೆ ಅದನ್ನು ಬೆರೆಸುವವರೂ ಕಡಿಮೆಯಾಗುತ್ತಾರೆ. ಕಸ ಯಾರ ಕೈಗೆ ಹೋಗುತ್ತದೆ ಎಂಬುದು ಕೊಡುವವರ ಕಣ್ಣಿಗೇ ಕಾಣುತ್ತದಲ್ಲ.

ಇನ್ನು ವ್ಯಾಪಾರಸ್ಥರಿಗೆ, ಹೋಟೆಲಿನವರಿಗೆ, ಕಚೇರಿಗಳಿಗೆ ಎರಡು ಮಾತು. ಒಂದು ಮನೆ ತಪ್ಪಿದರೆ ಒಂದು ಕವರು ಹಾಳು. ಒಂದು ಕಲ್ಯಾಣ ಮಂಟಪ ತಪ್ಪಿದರೆ ಒಂದು ಲಾರಿಯೇ ಹಾಳು. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು ಬೃಹತ್ ತ್ಯಾಜ್ಯ ಉತ್ಪಾದಕರು ಎಂದು ಗುರುತಿಸಿದವು. ಹೋಟೆಲುಗಳೂ, 5,000 ಚದರ ಮೀಟರಿಗಿಂತ ದೊಡ್ಡ ಗೇಟೆಡ್ ಬಡಾವಣೆಗಳೂ, ಸಂಸ್ಥೆಗಳೂ ಸಾಧ್ಯವಿರುವಷ್ಟು ಹಸಿ ಕಸವನ್ನು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು ಎಂದವು. ಕಾನೂನಿನ ಭಯಕ್ಕಿಂತ ದೊಡ್ಡದು ಇದರಲ್ಲಿರುವ ಲಾಭ. ತರಕಾರಿ ಹೆಚ್ಚಿದ ಸಿಪ್ಪೆ ಬೇರೆ ಇಟ್ಟರೆ ಹಸು ಸಾಕುವವರು ಬಂದು ಒಯ್ಯುತ್ತಾರೆ. ತಟ್ಟೆಯಲ್ಲಿ ಉಳಿದದ್ದಕ್ಕೆ ಹಂದಿ ಸಾಕುವವರು ಬರುತ್ತಾರೆ. ಆದರೆ ಅದರೊಳಗೆ ಟಿಶ್ಯೂ, ಹಲ್ಲುಕಡ್ಡಿ, ಸಾಸ್ ಪೊಟ್ಟಣ ಇರಬಾರದು. ತಟ್ಟೆ ಎತ್ತುವ ಹುಡುಗನ ಕೈಗೆ ಎರಡು ಬಕೆಟ್ ಕೊಟ್ಟು ಒಮ್ಮೆ ಹೇಳಿಕೊಟ್ಟರೆ ಸಾಕು.

ಕರಿದ ಎಣ್ಣೆಯ ವಿಷಯವನ್ನು ಒತ್ತಿ ಹೇಳಬೇಕು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ದೇಹಕ್ಕೆ ಕೆಟ್ಟದ್ದು ಮಾಡುವ ಅಂಶ 25% ದಾಟಿದ ಮೇಲೆ ಅದರಲ್ಲಿ ಕರಿಯಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಲ್ಲಿ ಜಾರಿಗೆ ಬಂತು. ಹಾಗಾದ ಎಣ್ಣೆಯನ್ನು ಕೊಂಡು ಬಯೋಡೀಸೆಲ್ ಮಾಡುವವರಿಗೆ ತಲುಪಿಸುವ ಅಧಿಕೃತ ಸಂಗ್ರಾಹಕರು ಇದ್ದಾರೆ. ಬಜ್ಜಿ, ಚಿಪ್ಸ್ ಅಂಗಡಿಯವರು ಆ ಎಣ್ಣೆಯನ್ನು ಮೋರಿಗೆ ಸುರಿಯಬಾರದು. ಅಗ್ಗಕ್ಕೆ ಸಿಗುತ್ತದೆಂದು ಒಯ್ದು ಮತ್ತೆ ಅದರಲ್ಲೇ ಕರಿಯುವವರಿಗೆ ಕೊಡುವುದಂತೂ ಇನ್ನೊಬ್ಬರ ಮಕ್ಕಳಿಗೆ ಮಾಡುವ ದ್ರೋಹ.

ಮದುವೆ, ಮುಂಜಿಗಳ ಊಟಕ್ಕೆ ಬಾಳೆಎಲೆಯನ್ನು ಮೀರಿಸಿದ್ದು ನನಗೆ ಗೊತ್ತಿಲ್ಲ. ನೀರಿಗೆ ಸ್ಟೀಲ್ ಲೋಟ ಇಡಿ, ಇನ್ನೂರು ಮಿಲಿಲೀಟರಿನ ಬಾಟಲಿಗಳನ್ನು ಸಾಲಾಗಿ ಜೋಡಿಸಬೇಡಿ. ಬೆಂಗಳೂರಿನ ‘ಅದಮ್ಯ ಚೇತನ’ದಂಥ ಸಂಸ್ಥೆಗಳು ಸಮಾರಂಭಗಳಿಗೆ ತಟ್ಟೆ ಲೋಟಗಳನ್ನು ಕೊಟ್ಟು ಹಿಂದೆ ಪಡೆಯುವ ತಟ್ಟೆ ಬ್ಯಾಂಕ್ ನಡೆಸುತ್ತವೆ. ನಿಮ್ಮ ಊರಿನಲ್ಲಿ ಹಾಗೊಂದು ಇಲ್ಲದಿದ್ದರೆ ದೇವಸ್ಥಾನದ ಸಮಿತಿಯೋ ಮಹಿಳಾ ಸಂಘವೋ ಶುರುಮಾಡಬಹುದು. ಬಟ್ಟೆ ಅಂಗಡಿ, ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆ ಬರುವ ರಟ್ಟಿನ ಪೆಟ್ಟಿಗೆ ಮಳೆಗೆ ನೆನೆಯದಂತೆ ಒಳಗೆ ಚಪ್ಪಟೆಯಾಗಿ ಮಡಚಿಟ್ಟರೆ ಗುಜರಿಯವರು ತಾವೇ ಹುಡುಕಿಕೊಂಡು ಬರುತ್ತಾರೆ. ಕಚೇರಿಗಳಲ್ಲಿ ಪ್ರತಿ ಮೇಜಿನ ಕೆಳಗಿನ ಕಸದ ಬುಟ್ಟಿಯನ್ನು ತೆಗೆದು, ಮಹಡಿಗೊಂದು ಕಡೆ ಬಣ್ಣದ ಬುಟ್ಟಿಗಳನ್ನು ಇಡಿ. ಎದ್ದು ನಡೆದು ಹೋಗಿ ಹಾಕುವವರು ಯಾವ ಬುಟ್ಟಿಗೆ ಎಂದು ನೋಡಿಯೇ ಹಾಕುತ್ತಾರೆ.

ಹಳೇ ಮೊಬೈಲು, ಚಾರ್ಜರು, ಕಂಪ್ಯೂಟರುಗಳನ್ನು ಒಣ ಕಸಕ್ಕೂ ಹಾಕಬೇಡಿ, ಕಂಡಕಂಡವರಿಗೂ ಮಾರಬೇಡಿ. ತಾಮ್ರಕ್ಕಾಗಿ ವೈರು ಸುಡುವ, ಚಿನ್ನದ ಕಣಕ್ಕಾಗಿ ಬೋರ್ಡನ್ನು ಆಸಿಡ್ಡಿನಲ್ಲಿ ಅದ್ದುವ ಕೆಲಸ ಗಲ್ಲಿಗಳಲ್ಲಿ ನಡೆಯುತ್ತದೆ, ಆ ಹೊಗೆ ಅಲ್ಲಿಯ ಮಕ್ಕಳ ಶ್ವಾಸಕ್ಕೆ ಹೋಗುತ್ತದೆ. ಇದಕ್ಕೆಂದೇ ಪರವಾನಗಿ ಪಡೆದ ಘಟಕಗಳಿವೆ. ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ‘ಇ-ಪರಿಸರ’ ದೇಶದಲ್ಲೇ ಮೊದಲ ಸಾಲಿನದು. ಉಬ್ಬಿದ ಬ್ಯಾಟರಿ ಕಸದ ಗಾಡಿಯೊಳಗೆ ಬೆಂಕಿ ಹೊತ್ತಿಸಬಲ್ಲದು, ಅದನ್ನು ಬೇರೆಯೇ ಇಡಿ. ಸ್ಯಾನಿಟರಿ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಟ್ಟರೆ ಅದನ್ನು ಯಾರೂ ಬಿಚ್ಚಬೇಕಾಗಿಲ್ಲ.

ಕೊನೆಯದಾಗಿ, ಎಲ್ಲ ಕಡೆ ಕೇಳುವ ಒಂದು ಆಕ್ಷೇಪ. ‘ನಾವು ಬೇರ್ಪಡಿಸಿ ಕೊಡುತ್ತೇವೆ, ಗಾಡಿಯವರು ಎಲ್ಲವನ್ನೂ ಒಟ್ಟಿಗೆ ಸುರಿದುಕೊಳ್ಳುತ್ತಾರೆ, ಆಮೇಲೆ ಯಾಕೆ ಮಾಡಬೇಕು?’ ಇದು ಹಲವು ಬೀದಿಗಳಲ್ಲಿ ನಿಜ. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಇದಕ್ಕೆ ಮಾಡಬಹುದಾದ್ದು ಇದೆ. ಮೊದಲನೆಯದು, ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿಬಿಟ್ಟರೆ ಬೆರೆಸಲು ಗಾಡಿಯವರ ಕೈಗೆ ಹಸಿ ಕಸವೇ ಇರುವುದಿಲ್ಲ. ಎರಡನೆಯದು, ಒಣ ಕಸವನ್ನು ದಿನವೂ ಕೊಡಬೇಕಾಗಿಲ್ಲ, ಅದು ಕೊಳೆಯುವುದಿಲ್ಲ. ವಾರವೋ ಹದಿನೈದು ದಿನವೋ ಕೂಡಿಟ್ಟು ನೇರ ವಾರ್ಡಿನ ಕೇಂದ್ರಕ್ಕೋ ಗುಜರಿ ಅಂಗಡಿಗೋ ಕೊಡಿ. ಮೂರನೆಯದು, ನೀವೊಬ್ಬರೇ ದೂರು ಕೊಡುವ ಬದಲು ಬೀದಿಯ ಹತ್ತು ಮನೆಯವರು ಸೇರಿ, ಗಾಡಿಯ ನಂಬರು ಮತ್ತು ದಿನಾಂಕ ಬರೆದು, ಬೆಂಗಳೂರಿನಲ್ಲಾದರೆ ಘನತ್ಯಾಜ್ಯ ನಿರ್ವಹಣಾ ನಿಯಮಿತದ ವಾರ್ಡಿನ ಮೇಲ್ವಿಚಾರಕರಿಗೆ, ಬೇರೆ ಊರಿನಲ್ಲಾದರೆ ನಗರಸಭೆಯ ಆರೋಗ್ಯ ನಿರೀಕ್ಷಕರಿಗೆ ಕೊಡಿ. ಗಾಡಿಯ ಮೇಲಿರುವ ಪೌರಕಾರ್ಮಿಕರ ಮೇಲೆ ಕೂಗಾಡಬೇಡಿ. ಗಾಡಿಯಲ್ಲಿ ಒಣ ಕಸಕ್ಕೆ ಬೇರೆ ಜಾಗ ಇದೆಯೇ, ಅವರ ಕೈಗೆ ಗವಸು ಕೊಟ್ಟಿದ್ದಾರೆಯೇ ಎಂದು ಅವರನ್ನೇ ಕೇಳಿ, ಅದನ್ನೂ ಆ ದೂರಿನಲ್ಲಿ ಬರೆಯಿರಿ.